ಉಗ್ಗುವವರ ಗುಂಪಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಅಡಿಕೆಲೆಕ್ಕ (ಕಾನಸೂರು, ಉತ್ತರ ಕನ್ನಡ):

ಬರೆಯಲು ಕುಳಿತರೆ ನಾನು ವಾಚಾಳಿ. ಬಾಯಿ ತೆರೆದರೆ ಕಥೆ ಬೇರೆ. ಉದ್ದವಾದರೆ ಸಹಿಸಿಕೊಳ್ಳಿ, ಮೂವತ್ತೇಳು ವರ್ಷಗಳ ಬಾಕಿ ಇದೆ.

ಶಿರಸಿಯಲ್ಲಿ ಅಡಿಕೆ ವ್ಯವಹಾರದ ಒಂದು ಸಹಕಾರ ಸಂಘದ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನೆನಪು ಹುಟ್ಟಿದಾಗಿನಿಂದ ಉಗ್ಗುತ್ತಿದ್ದೇನೆ. ಸ, ಮ, ರ, ಯ ಬಂದರೆ ತೊಂದರೆಯಿಲ್ಲ. ಕ, ಗ, ಪ, ಬ ಬಂದರೆ ಗಂಟಲಿಗೆ ಅಗುಳಿ ಬಿದ್ದ ಹಾಗೆ. ದುರ್ದೈವಕ್ಕೆ ನನ್ನ ಹೆಸರು ಗಕಾರದಿಂದ ಶುರುವಾಗುತ್ತದೆ, ಊರು ಕಕಾರದಿಂದ. ಅನ್ನ ಕೊಡುವ ಅಡಿಕೆ ಬಗೆಗಳ ಹೆಸರುಗಳೋ ಕೆಂಪುಗೋಟು, ಬಿಳಿಗೋಟು, ಕೋಕಾ, ಬೆಟ್ಟೆ. ರಾಶಿ ಮತ್ತು ಚಾಲಿ ಎರಡೇ ನನ್ನ ಪಾಲಿನ ದೇವರು. "ತಮ್ಮಾ, ಇಂದು ಕೋಕಾ ಎಷ್ಟಕ್ಕೆ ಹೋಯಿತು?" ಎಂದು ಬೆಳೆಗಾರರು ಫೋನ್ ಮಾಡಿದರೆ "ಅದೋ, ಅದು ಮಾವ..." ಎಂದು ಸುತ್ತಿ ಬಳಸಿ ದರ ಮಾತ್ರ ಹೇಳುತ್ತೇನೆ. ಮಾಲಿನ ಹೆಸರು ಅವರ ಬಾಯಿಂದಲೇ ಬಂದಿರುತ್ತದೆ, ಸದ್ಯ.

ಹೈಸ್ಕೂಲಿನಲ್ಲಿದ್ದಾಗ ಶಿರಸಿಯಿಂದ ಮನೆಗೆ ಬರಲು ಬಸ್ ಹತ್ತಿದರೆ ಕಂಡಕ್ಟರಿಗೆ "ಸಿದ್ದಾಪುರ" ಎಂದು ಟಿಕೆಟ್ ಕೇಳುತ್ತಿದ್ದೆ. ಕಾನಸೂರು ಸಿದ್ದಾಪುರಕ್ಕಿಂತ ಮೊದಲೇ ಸಿಗುತ್ತದೆ. ಹೆಚ್ಚಿನ ದುಡ್ಡು ಕೊಟ್ಟು ನಡುವೆ ಇಳಿದುಬಿಡುತ್ತಿದ್ದೆ. ಒಬ್ಬ ಕಂಡಕ್ಟರ್ ಮಾತ್ರ ಪ್ರತಿ ಸಲವೂ "ಇನ್ನೂ ಸಿದ್ದಾಪುರ ಬಂದಿಲ್ಲ, ಮಾರಾಯ" ಎಂದು ಕೂಗುತ್ತಿದ್ದರು. ನಾನು ಕಿವುಡನಂತೆ ನಡೆದುಬಿಡುತ್ತಿದ್ದೆ. ಕಾಲೇಜಿಗೆ ಬಂದ ಮೇಲೆ ಪಾಸು ಸಿಕ್ಕಿತು, ಬಾಯಿ ತೆರೆಯುವ ಗೋಜೇ ತಪ್ಪಿತು. ಹೋಟೆಲಿನಲ್ಲಿ ಕಾಫಿಯ ಆಸೆಯಿದ್ದರೂ ಚಹಾ ಹೇಳಿ ಹೇಳಿ ಈಗ ನಾಲಿಗೆಗೆ ಚಹಾವೇ ರುಚಿ. ಮಗಳು ಹುಟ್ಟಿದಾಗ ಭಟ್ಟರು ಶತಭಿಷಾ ನಕ್ಷತ್ರ, ಒಂದನೇ ಪಾದ, "ಗೋ" ಅಕ್ಷರ ಬಂದಿದೆ ಎಂದರು. ಅದೇ ನಕ್ಷತ್ರದ ಎರಡನೇ ಪಾದದ "ಸಾ" ಇರಲಿ ಎಂದು ಹಟ ಹಿಡಿದೆ. ಆಧುನಿಕ ಹೆಸರಿನ ಹುಚ್ಚು ಎಂದುಕೊಂಡರು ಮನೆಯವರು. ಮಗಳನ್ನು ಹೆಸರು ಹಿಡಿದು ಕರೆಯಲು ಬಂದರೆ ಸಾಕಿತ್ತು ನನಗೆ.

ಈಗ ಎರಡು ಸಂಗತಿಗಳು ಒಟ್ಟಿಗೆ ಬಂದಿವೆ. ವರದಿ ಓದುತ್ತಿದ್ದ ಹಿರಿಯರು ನಿವೃತ್ತರಾದರು. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚಿನ ವರದಿ ನೀವೇ ಓದಿ ಎಂದು ವ್ಯವಸ್ಥಾಪಕರು ನನಗೆ ಹೇಳಿದ್ದಾರೆ. ಎದುರಿಗೆ ನಾಲ್ಕೈದು ನೂರು ಸದಸ್ಯರಿರುತ್ತಾರೆ, ಕೈಯಲ್ಲಿ ಮೈಕು. ವರದಿಯಲ್ಲಿ ಪದ ಬದಲಿಸುವ ನನ್ನ ಆಟ ನಡೆಯುವುದಿಲ್ಲ. "ಬಂಡವಾಳ" ಎಂದರೆ ಬಂಡವಾಳವೇ. ಇನ್ನೊಂದು ಸಂಗತಿ ಇದಕ್ಕಿಂತ ಕಷ್ಟದ್ದು. ಮಗಳಿಗೆ ನಾಲ್ಕು ವರ್ಷ. ಹೋದ ತಿಂಗಳಿನಿಂದ "ಅ-ಅ-ಅ-ಅಪ್ಪ" ಎನ್ನುತ್ತಿದ್ದಾಳೆ. ಮೊದಲ ಸಲ ಕೇಳಿದಾಗ ನಾನು ಎದ್ದು ಹಿತ್ತಲಿಗೆ ಹೋಗಿ ನಿಂತೆ.

ದೊಡ್ಡ ಊರುಗಳಲ್ಲಿ ಉಗ್ಗುವವರೇ ವಾರಕ್ಕೊಮ್ಮೆ ಸೇರುವ ಗುಂಪುಗಳಿವೆ ಎಂದು ಓದಿದ್ದೇನೆ. ಹೋಗಬೇಕು ಎನಿಸುತ್ತದೆ, ಆದರೆ ಹೆದರಿಕೆ. ನಗಬೇಡಿ: ನನಗೆ ಹೆದರಿಕೆ ಇರುವುದು ಇತರ ಉಗ್ಗುವವರನ್ನು ಕಂಡು. ಸಂಘಕ್ಕೆ ಬರುವ ಒಬ್ಬ ಬೆಳೆಗಾರರು ನನ್ನ ಹಾಗೆಯೇ ಉಗ್ಗುತ್ತಾರೆ. ಅವರು ಬಾಗಿಲಲ್ಲಿ ಕಂಡರೆ ನಾನು ಕಡತ ಹುಡುಕುವ ನೆಪದಲ್ಲಿ ಒಳಕೋಣೆಗೆ ಹೋಗುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ: ಶಾಲೆಯಲ್ಲಿ ನನಗಿಂತ ಒಂದು ತರಗತಿ ಕೆಳಗೆ ಉಗ್ಗುವ ಹುಡುಗನೊಬ್ಬನಿದ್ದ. ಆಗಸ್ಟ್ 15ರ ಭಾಷಣಕ್ಕೆ ನಿಂತು "ಪ... ಪ..." ಎಂದು ಸಿಕ್ಕಿಹಾಕಿಕೊಂಡಾಗ ಇಡೀ ಶಾಲೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ದಿನದ ಮಟ್ಟಿಗೆ ಶಾಲೆಯಲ್ಲಿ ಉಗ್ಗುವವನು ಅವನೊಬ್ಬನೇ ಆಗಿರಲಿ ಎಂಬ ಆಸೆ.

ಅಂಥ ಗುಂಪಿಗೆ ಹೋದರೆ ಉಗ್ಗು ಹೆಚ್ಚುತ್ತದೆಯೇ? ವಾಸಿಯಾಗದ ಕಾಯಿಲೆ ಎಂದು ಒಪ್ಪಿಕೊಂಡು ಕೈಚೆಲ್ಲಿದ ಹಾಗಾಗುವುದಿಲ್ಲವೇ? ಮಗಳಿಗೆ ಬಂದದ್ದು ನನ್ನಿಂದಲೇ? ಹೋಗಿ ಬಂದವರಿದ್ದರೆ ದಯವಿಟ್ಟು ಬರೆಯಿರಿ. ಧೈರ್ಯ ತುಂಬುವ ಮಾತು ಬೇಡ, ಅದು ಬೇಕಾದಷ್ಟು ಸಿಕ್ಕಿದೆ.

ನಿವೃತ್ತ ಮೇಷ್ಟರು (ತಿಪಟೂರು):

ತಮ್ಮಾ, ನಿನ್ನ ಪತ್ರ ಓದಿ ಮನಸ್ಸು ಕಲಕಿತು. ನಮ್ಮ ಕಾಲದಲ್ಲಿ ಇದಕ್ಕೆ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಮಗುವಿಗೆ ಈಗಲೇ ಶುರು ಮಾಡು. ನಿನ್ನ ಮಟ್ಟಿಗೆ, ಬಾಯಲ್ಲಿ ನಾಲ್ಕು ಬೆಣಚುಕಲ್ಲು ಇಟ್ಟುಕೊಂಡು ದಿನವೂ ಮುಂಜಾನೆ ಗಟ್ಟಿಯಾಗಿ ಓದು. ಗ್ರೀಸಿನ ಡೆಮಾಸ್ತನೀಸ್ ಹಾಗೆಯೇ ಮಹಾ ವಾಗ್ಮಿಯಾದನಂತೆ. ಗುಂಪು ಗಿಂಪು ಎಲ್ಲ ಬೇಡ. ಕುಂಟರ ಜೊತೆ ನಡೆದರೆ ಕುಂಟುವುದನ್ನೇ ಕಲಿಯುತ್ತೇವೆ. ಆತ್ಮವಿಶ್ವಾಸವೊಂದಿದ್ದರೆ ಎಲ್ಲ ಸರಿಯಾಗುತ್ತದೆ.

ವಾಕ್‌ಚಿಕಿತ್ಸಕಿ (ಮೈಸೂರು):

ಮೇಷ್ಟರೇ, ನಿಮ್ಮ ಕಾಳಜಿ ದೊಡ್ಡದು. ಆದರೆ ಮಗುವಿಗೆ ಬಜೆ ಖಂಡಿತ ಬೇಡ. ಅದರಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಹಾನಿಕರ ಎಂದು ಕಂಡಿದೆ. ಮೇಲಾಗಿ ತೊಂದರೆ ಇರುವುದು ನಾಲಿಗೆಯಲ್ಲಲ್ಲ. ಮಾತಿಗೆ ಬೇಕಾದ ಚಲನೆಗಳನ್ನು ಮಿದುಳು ಹೊತ್ತುಹೊತ್ತಿಗೆ ಹೊಂದಿಸುವ ಕೆಲಸದಲ್ಲಿ ಅದು ಇದೆ. ಇದರಲ್ಲಿ ವಂಶವಾಹಿಗಳ ಪಾತ್ರವೂ ಇದೆ. ಆತ್ಮವಿಶ್ವಾಸದ ಕೊರತೆಯಿಂದ ಉಗ್ಗು ಹುಟ್ಟುವುದಿಲ್ಲ. ಉಗ್ಗುವವರನ್ನು ಕಂಡು ಜನ ಮೂವತ್ತು ವರ್ಷ ನಕ್ಕರೆ ಅವರ ಆತ್ಮವಿಶ್ವಾಸ ಕುಗ್ಗುತ್ತದೆ, ಅದು ಬೇರೆ ಮಾತು. ಬೆಣಚುಕಲ್ಲು ಗಂಟಲಿಗೆ ಇಳಿದರೆ ಡೆಮಾಸ್ತನೀಸ್ ಬರುವುದಿಲ್ಲ, ಆಂಬುಲೆನ್ಸ್ ಬರಬೇಕಾಗುತ್ತದೆ.

ಅಡಿಕೆಲೆಕ್ಕ ಅವರೇ, ಮೊದಲು ಮಗಳ ವಿಷಯ. ಎರಡರಿಂದ ಐದು ವರ್ಷದೊಳಗೆ ನೂರಕ್ಕೆ ಸುಮಾರು ಐದು ಮಕ್ಕಳಿಗಾದರೂ ಹೀಗಾಗುತ್ತದೆ. ಅವರಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ, ಹೆಣ್ಣುಮಕ್ಕಳಿಗೆ ಇನ್ನೂ ಬೇಗ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಸುಮಾರು ಒಬ್ಬರಿಗೆ. ನೀವು ಉಗ್ಗುವುದನ್ನು ಕೇಳಿ ಅವಳು ಕಲಿತಳು ಎಂಬುದು ಸುಳ್ಳು. ಮನೆತನದಲ್ಲಿ ಇರುವುದರಿಂದ ಸಾಧ್ಯತೆ ಹೆಚ್ಚು ಎಂಬುದು ನಿಜ. ಹಾಗಾಗಿ ಕಾದು ನೋಡೋಣ ಎಂದು ಕುಳಿತುಕೊಳ್ಳಬೇಡಿ, ಒಮ್ಮೆ ತಜ್ಞರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಇಂಥದ್ದಕ್ಕೆಂದೇ ಇರುವ ಸಂಸ್ಥೆ. ಅಷ್ಟು ದೂರ ಆಗದಿದ್ದರೆ ನಿಮ್ಮ ಜಿಲ್ಲೆಯಲ್ಲಿ ಅಥವಾ ಹುಬ್ಬಳ್ಳಿಯಲ್ಲಿ ವಾಕ್‌ಚಿಕಿತ್ಸಕರು ಯಾರಿದ್ದಾರೆ ಎಂದು ವಿಚಾರಿಸಿ. ಅಲ್ಲಿಯ ತನಕ "ನಿಧಾನ ಹೇಳು", "ಉಸಿರು ತೆಗೆದುಕೊಂಡು ಹೇಳು" ಎನ್ನಬೇಡಿ. ನಿಧಾನವಾಗಬೇಕಾದವರು ನೀವು. ಅವಳು ಮುಗಿಸಿದ ಮೇಲೆ ಎರಡು ಕ್ಷಣ ಬಿಟ್ಟು ಉತ್ತರಿಸಿ. ಹಿತ್ತಲಿಗೆ ಹೋಗಬೇಡಿ. ಮಕ್ಕಳು ಮುಖ ಓದುತ್ತಾರೆ.

ಗುಂಪಿನ ಬಗ್ಗೆ: ಅಲ್ಲಿಗೆ ಹೋದರೆ ಉಗ್ಗು ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ. ಮೊದಲ ಕೆಲವು ವಾರ ಹೆಚ್ಚಿದಂತೆ ಕಾಣಬಹುದು, ಏಕೆಂದರೆ ಬಚ್ಚಿಟ್ಟದ್ದು ಹೊರಗೆ ಬರುತ್ತದೆ. ಜೋಸೆಫ್ ಶೀಹನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಉಗ್ಗನ್ನು ಸಮುದ್ರದಲ್ಲಿ ತೇಲುವ ನೀರ್ಗಲ್ಲ ಗುಡ್ಡಕ್ಕೆ ಹೋಲಿಸಿದ್ದರು. ಕಿವಿಗೆ ಕೇಳುವ ಭಾಗ ಚಿಕ್ಕದು. ಭಯ, ನಾಚಿಕೆ, ತಪ್ಪಿಸಿಕೊಳ್ಳುವ ಉಪಾಯಗಳು ನೀರಿನ ಕೆಳಗೆ ದೊಡ್ಡದಾಗಿ ನಿಂತಿರುತ್ತವೆ. ನೀವು ಸಿದ್ದಾಪುರಕ್ಕೆ ಕೊಟ್ಟ ಹೆಚ್ಚುವರಿ ದುಡ್ಡು ಆ ಕೆಳಗಿನ ಭಾಗದ್ದು. ನನ್ನ ಕೋಣೆಯಲ್ಲಿ ನಾನು ಮೇಲಿನದಕ್ಕೆ ತಂತ್ರ ಕಲಿಸಬಲ್ಲೆ. ಕೆಳಗಿನದು ಕರಗಲು ನನ್ನಂಥ ಉಗ್ಗದವಳು ಎದುರು ಕುಳಿತರೆ ಸಾಲದು. ಎರಡೂ ಬೇಕು. ಚಿಕಿತ್ಸೆಯ ಜಾಗದಲ್ಲಿ ಗುಂಪು ಎಂದು ಮಾತ್ರ ತಿಳಿಯಬೇಡಿ.

ಗಣಿತದ ಟೀಚರ್ (ಬೆಂಗಳೂರು):

ಹೋಗಿ ಬಂದವಳು ನಾನು. ಆರು ವರ್ಷವಾಯಿತು, ಈಗಲೂ ಹೋಗುತ್ತೇನೆ, ಈಗಲೂ ಉಗ್ಗುತ್ತೇನೆ. ಕೊನೆಯದನ್ನು ಮೊದಲೇ ಹೇಳಿಬಿಡುತ್ತೇನೆ, ನಂತರ ನಿರಾಸೆ ಬೇಡ.

ಭಾನುವಾರ ಬೆಳಿಗ್ಗೆ ಒಂದು ಉದ್ಯಾನದಲ್ಲಿ ಸೇರುತ್ತೇವೆ. ಮೊದಲ ಸಲ ನಾನು ಗೇಟಿನಿಂದಲೇ ವಾಪಸು ಬಂದೆ. ಎರಡನೇ ಸಲ ಎದುರಿನ ಬೆಂಚಿನಲ್ಲಿ ಕುಳಿತು, ಹುರಿಗಡಲೆ ತಿನ್ನುತ್ತ, ದೂರದಿಂದ ನೋಡಿದೆ. ಹತ್ತು ಹನ್ನೆರಡು ಗಂಡಸರು ವೃತ್ತದಲ್ಲಿ ಕುಳಿತಿದ್ದರು. ಒಬ್ಬ ಹುಡುಗ ಕಣ್ಣು ಮುಚ್ಚಿ, ದವಡೆ ಬಿಗಿದು, ಒಂದು ಶಬ್ದಕ್ಕಾಗಿ ಒದ್ದಾಡುತ್ತಿದ್ದ. ನಾನು ಮಾತನಾಡುವಾಗ ಕಾಣುವುದು ಹೀಗೆಯೇ ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕನ್ನಡಿ ನೋಡಲಿಲ್ಲ ಎರಡು ದಿನ. ಅಡಿಕೆಲೆಕ್ಕ ಅವರೇ, ನಿಮ್ಮ ಒಳಕೋಣೆ ನನಗೆ ಚೆನ್ನಾಗಿ ಗೊತ್ತು. ಆ ಬೆಳೆಗಾರರಲ್ಲಿ ನಿಮಗೆ ನಿಮ್ಮ ಮುಖವೇ ಕಾಣುತ್ತದೆ.

ಮೂರನೇ ಸಲ ಹೋಗಿ ಕುಳಿತೆ. ದೇಶದಲ್ಲಿ ಇಂಥ ಗುಂಪುಗಳ ಹಿಂದೆ ಬಹಳ ಕಡೆ 2008ರಲ್ಲಿ ಆರಂಭವಾದ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಶನ್ ಇದೆ. ಶುಲ್ಕವಿಲ್ಲ, ಗುರುವಿಲ್ಲ, ನಡೆಸುವವರೂ ಉಗ್ಗುವವರೇ. ಅದಕ್ಕಿಂತ ಮುಂಚೆ ನಾನು ಹದಿನೈದು ದಿನದಲ್ಲಿ ಗ್ಯಾರಂಟಿ ಎಂದ ಒಂದು ಕೇಂದ್ರಕ್ಕೆ ಒಂದು ತಿಂಗಳ ಸಂಬಳ ಸುರಿದಿದ್ದೆ. ಅಲ್ಲಿ ಬೆರಳು ತಟ್ಟುತ್ತ ಮಾತನಾಡಲು ಕಲಿಸಿದರು. ಹದಿನೈದನೇ ದಿನ ನಿರರ್ಗಳವಾಗಿ ಭಾಷಣ ಮಾಡಿದೆ, ವಿಡಿಯೋ ಮಾಡಿಕೊಂಡರು. ಶಾಲೆ ಶುರುವಾಗಿ ಒಂದು ತಿಂಗಳಿಗೆ ಮೊದಲಿನಂತೆಯೇ. ಬೆರಳು ತಟ್ಟುವ ಅಭ್ಯಾಸ ಮಾತ್ರ ಹೆಚ್ಚುವರಿಯಾಗಿ ಉಳಿಯಿತು.

ಗುಂಪಿನಲ್ಲಿ ಏನು ಮಾಡುತ್ತೇವೆ ಎಂದರೆ, ಮಾತನಾಡುತ್ತೇವೆ. ಒಬ್ಬೊಬ್ಬರಿಗೆ ಐದು ನಿಮಿಷ. ಯಾರೂ ಯಾರ ಮಾತನ್ನೂ ಪೂರ್ತಿ ಮಾಡಿಕೊಡುವಂತಿಲ್ಲ. ಬೇಕೆಂದೇ ಉಗ್ಗುವ ಅಭ್ಯಾಸವೂ ಇದೆ, ನಂಬಿ. ಸಿಕ್ಕಿಬೀಳದ ಪದದ ಮೇಲೂ "ಮ-ಮ-ಮರ" ಎಂದು ನಿಧಾನವಾಗಿ, ಒತ್ತಡವಿಲ್ಲದೆ ಹೇಳುವುದು. ಜೀವನವಿಡೀ ಯಾವುದರಿಂದ ಓಡಿದೆವೋ ಅದನ್ನು ನಾವೇ ಕರೆದು ಕೂರಿಸಿದರೆ ಅದರ ಹಲ್ಲು ಸ್ವಲ್ಪ ಮೊಂಡಾಗುತ್ತದೆ. ಕೆಲವೊಮ್ಮೆ ವಾಯುವಿಹಾರಕ್ಕೆ ಬಂದ ಅಪರಿಚಿತರ ಬಳಿ ಹೋಗಿ "ನಾನು ಉಗ್ಗುತ್ತೇನೆ, ನಿಮಗೆ ಉಗ್ಗುವವರು ಯಾರಾದರೂ ಗೊತ್ತೇ?" ಎಂದು ಕೇಳುತ್ತೇವೆ. ಒಮ್ಮೆ ಒಬ್ಬ ಅಜ್ಜ ಬಹಳ ಹೊತ್ತು ಸುಮ್ಮನಿದ್ದು, "ನ-ನನಗೇ ಗೊತ್ತಮ್ಮಾ" ಎಂದರು. ಎಪ್ಪತ್ತು ದಾಟಿದವರು. ಅದುವರೆಗೆ ತಮ್ಮಂತೆ ಇನ್ನೊಬ್ಬರ ಜೊತೆ ಕುಳಿತು ಮಾತನಾಡಿರಲಿಲ್ಲವಂತೆ.

ಎಲ್ಲವೂ ಚಂದ ಎಂದು ಹೇಳಲಾರೆ. ನಮ್ಮಲ್ಲಿ ಒಬ್ಬರಿದ್ದಾರೆ, ಯಾರು ಏನು ಹೇಳಿದರೂ ಪ್ರಾಣಾಯಾಮದಲ್ಲಿ ತಂದು ನಿಲ್ಲಿಸುತ್ತಾರೆ. ಹೆಂಗಸರು ಕಡಿಮೆ. ದೊಡ್ಡವರಲ್ಲಿ ನಾಲ್ಕು ಗಂಡಸರಿಗೆ ಒಬ್ಬ ಹೆಂಗಸಿನ ಲೆಕ್ಕವಾದರೂ ನಮ್ಮಲ್ಲಿ ಅಷ್ಟೂ ಬರುವುದಿಲ್ಲ. ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ.

ನನಗೆ ಆದದ್ದು ಇಷ್ಟು. ಮೊದಲು ತರಗತಿಯಲ್ಲಿ "ಪೈಥಾಗೊರಸ್" ಎನ್ನಬೇಕಾದಾಗ ಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ಓದಿಸುತ್ತಿದ್ದೆ. ಈಗ ಜೂನ್ ತಿಂಗಳ ಮೊದಲ ದಿನವೇ ಹೇಳುತ್ತೇನೆ: "ನನಗೆ ಉಗ್ಗು ಇದೆ. ನಾನು ನಿಂತರೆ ನೀವು ಕಾಯಿರಿ. ನಿಮಗೆ ಲೆಕ್ಕ ಬಾರದೆ ನಿಂತರೆ ನಾನೂ ಕಾಯುತ್ತೇನೆ." ಒಪ್ಪಂದ ಚೆನ್ನಾಗಿ ನಡೆಯುತ್ತಿದೆ. ನಾನೇ ಹೆಚ್ಚು ಹೊತ್ತು ಕಾಯುತ್ತಿದ್ದೇನೆ ಎನ್ನಬೇಕು.

ಬೆಂಗಳೂರು ದೂರವಾದರೆ ಆನ್‌ಲೈನ್ ಸಭೆಗಳೂ ಇವೆ. ಆದರೆ ಒಮ್ಮೆಯಾದರೂ ಎದುರು ಬಂದು ಕುಳಿತುಕೊಳ್ಳಿ.

ಘಟ್ಟದ ಮೇಲಿನವ (ಯಲ್ಲಾಪುರ):

ನಾನೂ ಇದ್ದೇನೆ. ಇಷ್ಟನ್ನು ಬರೆಯಲು ಮೂರು ದಿನ ಬೇಕಾಯಿತು.

ಅಡಿಕೆಲೆಕ್ಕ (ಕಾನಸೂರು, ಉತ್ತರ ಕನ್ನಡ):

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಹೋಗಿ ಬಂದೆ.

ಮೊದಲು ಹೆಂಡತಿಗೆ ಹೇಳಬೇಕಾಯಿತು. ಮದುವೆಯಾಗಿ ಎಂಟು ವರ್ಷಗಳಲ್ಲಿ "ಉಗ್ಗು" ಎಂಬ ಪದವನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ನಾನು ಸಿಕ್ಕಿಹಾಕಿಕೊಂಡಾಗಲೆಲ್ಲ ಅವಳು ಸೆರಗು ಸರಿಮಾಡಿಕೊಳ್ಳುತ್ತಲೋ ಪಾತ್ರೆ ಎತ್ತಿಡುತ್ತಲೋ ಬೇರೆ ಕಡೆ ನೋಡುತ್ತಿದ್ದಳು. ಅದು ಅವಳ ಮರ್ಯಾದೆ ಎಂದು ನನಗೆ ಗೊತ್ತಿತ್ತು. ನನಗೆ ಅದು ಬೇಡವಾಗಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ. ಆ ರಾತ್ರಿ ಬಹಳ ಹೊತ್ತು ಮಾತನಾಡಿದೆವು. ಮರುದಿನ ಅವಳೇ ರಾತ್ರಿ ಬಸ್ಸಿಗೆ ಆಸನ ಕಾದಿರಿಸಿ, ದಾರಿಗೆ ಅವಲಕ್ಕಿ ಕಟ್ಟಿಕೊಟ್ಟಳು.

ಟೀಚರ್ ಅಕ್ಕ ಗೇಟಿನಲ್ಲೇ ನಿಂತಿದ್ದರು, ನಾನು ವಾಪಸು ಓಡಬಾರದೆಂದು. ನನ್ನ ಸರದಿ ಬಂದಾಗ ಹೆಸರಿನ ಗಕಾರದಲ್ಲೇ ಬಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಮರದ ಮೇಲೆ ಒಂದು ಅಳಿಲು ಕೊಂಬೆಯ ತುದಿಗೆ ಹೋಗಿ ವಾಪಸು ಬಂದದ್ದು ನೆನಪಿದೆ. ಯಾರೂ ಗಡಿಯಾರ ನೋಡಲಿಲ್ಲ, ನಗಲಿಲ್ಲ, ಅಯ್ಯೋ ಪಾಪ ಎಂಬ ಮುಖವನ್ನೂ ಮಾಡಲಿಲ್ಲ. ಕಾಯುತ್ತಿದ್ದರು, ಅಷ್ಟೇ. ಹೆಸರು ಬಂತು. ಪೂರ್ತಿ ಬಂತು.

ಆದರೆ ನಾನು ನಿಮಗೆ ಹೇಳಬೇಕಾದದ್ದು ಅದಾದ ಮೇಲೆ ನಡೆದದ್ದು. ನನ್ನ ಪಕ್ಕದ ಹುಡುಗ ತನ್ನ ಕೆಲಸದ ಸಂದರ್ಶನದ ಬಗ್ಗೆ ಹೇಳುತ್ತ "ಬೆ... ಬೆ..." ಎಂದು ನಿಂತ. "ಬೆಂಗಳೂರು" ಎಂದು ನಾನು ಥಟ್ಟನೆ ಪೂರ್ತಿ ಮಾಡಿಬಿಟ್ಟೆ! ಹುಟ್ಟಿದಂದಿನಿಂದ ಜನ ನನ್ನ ಮಾತನ್ನು ಹೀಗೆ ಕಸಿದುಕೊಂಡಾಗಲೆಲ್ಲ ಹಲ್ಲು ಕಚ್ಚಿದವನು ನಾನು. ಅವನು ನನ್ನತ್ತ ತಿರುಗಿ, ನಿಧಾನವಾಗಿ, "ಬೆ-ಬೆ-ಬೆಳಗಾವಿ" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ನನಗೆ ಕಿವಿ ಬಿಸಿಯಾಯಿತು. ಹಾಗೆ ಪೂರ್ತಿ ಮಾಡುವವರಲ್ಲಿ ಸೊಕ್ಕು ಇರುತ್ತದೆ ಎಂದು ನಂಬಿದ್ದೆ. ಆ ಮೌನ ನನಗೇ ತಡೆಯಲಾಗಲಿಲ್ಲ, ಅಷ್ಟೇ ಆಗಿತ್ತು. ಬರುವಾಗ ಬಸ್ಸಿನಲ್ಲಿ ಎಷ್ಟೋ ಜನರ ಮುಖ ಕಣ್ಣ ಮುಂದೆ ಬಂತು, ಮೊದಲಿನಷ್ಟು ಸಿಟ್ಟು ಬರಲಿಲ್ಲ. ಶಾಲೆಯ ಆ ಹುಡುಗನ ಮುಖವೂ ಬಂತು. ಅಲ್ಲಿ ಸಿಟ್ಟು ಬರಬೇಕಾದದ್ದು ನನ್ನ ಮೇಲೆ. ಅವನ ನಂಬರು ಸಿಕ್ಕಿದೆ, ಇನ್ನೂ ಮಾಡಿಲ್ಲ.

ವರದಿಯ ವಿಷಯ. ವ್ಯವಸ್ಥಾಪಕರ ಬಳಿ ಹೋಗಿ, ನಾನು ಉಗ್ಗುತ್ತೇನೆ, ಓದಲು ಸಮಯ ಹಿಡಿಯುತ್ತದೆ ಎಂದೆ. ಹನ್ನೆರಡು ವರ್ಷ ಜೊತೆಗಿದ್ದವರು ಮೊದಲ ಸಲ ಕೇಳಿದವರಂತೆ ಮುಖ ಮಾಡಿದರು. "ಹಾಗಾದರೆ ಮುದ್ರಿಸಿ ಹಂಚಿಬಿಡೋಣ, ಓದುವುದು ಯಾಕೆ?" ಎಂದರು. ಎರಡು ತಿಂಗಳ ಹಿಂದೆ ಈ ಮಾತು ಕೇಳಿದ್ದರೆ ಮಾರಿಕಾಂಬೆಗೆ ಹಣ್ಣುಕಾಯಿ ಮಾಡಿಸುತ್ತಿದ್ದೆ. ಈಗ ಸಿಟ್ಟು ಬಂತು. ಸಮಯ ಹಿಡಿಯುತ್ತದೆ ಎಂದೆ, ಓದುವುದಿಲ್ಲ ಎನ್ನಲಿಲ್ಲ ಎಂದು ಹೇಳಿ ಬಂದೆ. ಹೊರಗೆ ಬಂದ ಮೇಲೆ ಕೈ ನಡುಗಿತು. ಏನಾಗುತ್ತದೆಯೋ, ಸೆಪ್ಟೆಂಬರ್ ಬರಲಿ.

ಮಗಳನ್ನು ತೋರಿಸಿದೆವು. ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ. ಗುಂಪಿನಲ್ಲಿ ಒಟ್ಟಾಗಿ ಗಟ್ಟಿಯಾಗಿ ಓದಿದಾಗ ನಾನು ಒಂದೇ ಒಂದು ಕಡೆಯೂ ಸಿಕ್ಕಿಬೀಳಲಿಲ್ಲ. ಒಟ್ಟಿಗೆ ಓದುವಾಗ, ಹಾಡುವಾಗ ಬಹುತೇಕ ಎಲ್ಲರಿಗೂ ಹೀಗೆಯೇ ಅಂತೆ. ಈಗ ರಾತ್ರಿ ಮಗಳು ಮತ್ತು ನಾನು ಒಟ್ಟಿಗೆ ಕಥೆ ಓದುತ್ತೇವೆ. ಅವಳಿಗೆ ಅಕ್ಷರ ಬಾರದು, ಬಾಯಿಪಾಠದಿಂದ ಹೇಳುತ್ತಾಳೆ. ಅವಳು ಮರೆತು ನಿಂತ ಕಡೆ ನಾನು ಒಂಟಿಯಾಗಿ ಉಗ್ಗುತ್ತೇನೆ. ಮುಂಚೆ ಮೊಬೈಲಿನಲ್ಲಿ ಕಥೆ ಹಾಕಿಕೊಡುತ್ತಿದ್ದೆ.

ಯಲ್ಲಾಪುರದವರೇ, ನಿಮಗೆ ಮೂರು ದಿನ ಬೇಕಾದದ್ದು ನನಗೆ ಅರ್ಥವಾಗುತ್ತದೆ. ಸಂಘದ ಆ ಬೆಳೆಗಾರರನ್ನೂ ಮೊನ್ನೆ ಮಾತನಾಡಿಸಿದೆ. ಇಬ್ಬರೂ ಸೇರಿ ಕೆಂಪುಗೋಟಿನ ದರ ಮುಗಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆದಿತ್ತು. ನೀವೂ ಬಂದರೆ ಮೂವರಾಗುತ್ತೇವೆ. ತಿಂಗಳ ಎರಡನೇ ಭಾನುವಾರ, ಶಿರಸಿಯಲ್ಲಿ, ಜಾಗ ಇನ್ನೂ ಹುಡುಕಬೇಕು. ಸಿದ್ದಾಪುರ, ಕುಮಟಾ, ಸೊರಬದ ಕಡೆಯವರೂ ಬರಬಹುದು. ನನ್ನ ನಂಬರನ್ನು ನಿಮಗೆ ಪ್ರತ್ಯೇಕವಾಗಿ ಕಳಿಸಿದ್ದೇನೆ. ಫೋನ್ ಮಾಡಿ. ನಾನು ಎತ್ತಿದ ಮೇಲೆ ಸ್ವಲ್ಪ ಹೊತ್ತು ಸದ್ದು ಬಾರದಿದ್ದರೆ ಕಟ್ ಮಾಡಬೇಡಿ. ನಿಮ್ಮ ಕಡೆಯಿಂದ ಬಾರದಿದ್ದರೆ ನಾನೂ ಮಾಡುವುದಿಲ್ಲ.